ಯಾರು ಯಾರಿಗೆ ಮಾತು ಕಲಿಸಿದರು?

ಕಳೆದ ತಿಂಗಳು ವಿಚಾರಸಂಕಿರಣವೊಂದರಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು ಜಾನ್ ಹ್ಯಾರಿಸ್‌ನ ಕತೆ ಹೇಳಿ ಸಭೆಯನ್ನು ನಗಿಸಿದರು. ನಾನೂ ನಕ್ಕೆ. ಆಮೇಲೆ ಊಟದ ಸಾಲಿನಲ್ಲಿ ನಿಂತಾಗ, ನಕ್ಕಿದ್ದು ಯಾರನ್ನು ನೋಡಿ ಎಂಬ ಪ್ರಶ್ನೆ ಕಾಡತೊಡಗಿತು.

1797ರ ಜೂನ್. ಲಂಡನ್ ಮಿಷನರಿ ಸೊಸೈಟಿಯ 'ಡಫ್' ಹಡಗು ಪೆಸಿಫಿಕ್‌ನ ಮಾರ್ಕೇಸಸ್ ದ್ವೀಪಗಳಲ್ಲಿ ಒಂದಾದ ತಹುವಾಟಕ್ಕೆ ಬಂತು. ಲಂಡನ್ನಿನಿಂದ ಹೊರಟಿದ್ದ ಮೂವತ್ತು ಮಿಷನರಿಗಳಲ್ಲಿ ದೀಕ್ಷೆ ಪಡೆದ ಪಾದ್ರಿಗಳು ನಾಲ್ವರೇ. ಉಳಿದವರು ಹೆಚ್ಚಾಗಿ ಬಡಗಿ, ನೇಕಾರ, ಗಾರೆ ಕೆಲಸದಂಥ ಕಸುಬಿನವರು. ತಹುವಾಟದ ಪಾಲಿಗೆ ಬಂದವರು ಇಬ್ಬರು. ಪೀಪಾಯಿ ಮಾಡುವ ಹ್ಯಾರಿಸ್, ನಲವತ್ತರ ಹತ್ತಿರದವನು. ಸಾಹೇಬರ ಮನೆಯಲ್ಲಿ ಆಳಾಗಿದ್ದ ವಿಲಿಯಂ ಪಾಸ್ಕೋ ಕ್ರೂಕ್, ಇಪ್ಪತ್ತೆರಡರವನು.

ನಾಯಕ ತೆನಾಯೆ ಇಬ್ಬರಿಗೂ ಮನೆ ಕೊಟ್ಟ. ಒಂದು ದಿನ ಕ್ರೂಕ್‌ನನ್ನು ಇನ್ನೊಂದು ಕಣಿವೆಗೆ ಕರೆದುಕೊಂಡು ಹೋಗುವಾಗ, ಬರಲೊಲ್ಲದ ಹ್ಯಾರಿಸ್‌ನ ಬಳಿ ತನ್ನ ಹೆಂಡತಿಯನ್ನು ಬಿಟ್ಟುಹೋದ. ಹ್ಯಾರಿಸ್ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಇವನು ಗಂಡಸು ಹೌದೋ ಅಲ್ಲವೋ ಎಂಬ ಅನುಮಾನದಿಂದ ಅವಳೂ ಇತರ ಹೆಂಗಸರೂ ರಾತ್ರಿ ಅವನು ಮಲಗಿದ್ದಾಗ ಪರೀಕ್ಷೆ ಮಾಡಿದರು. ಹ್ಯಾರಿಸ್ ಹೌಹಾರಿ, ಪೆಟ್ಟಿಗೆ ಹೊತ್ತು ಕಡಲತೀರಕ್ಕೆ ಬಂದು ಅದರ ಮೇಲೇ ರಾತ್ರಿ ಕಳೆದು, ಹಡಗು ಹತ್ತಿ ಹೊರಟೇಹೋದ. ಕ್ರೂಕ್ ಒಬ್ಬನೇ ಉಳಿದ.

ಇಲ್ಲಿಗೆ ಸಭೆ ನಗುತ್ತದೆ. ಆಮೇಲೆ ವಿದ್ವಾಂಸರು ಗಂಭೀರರಾಗಿ ಎರಡರಲ್ಲಿ ಒಂದು ಮಾತು ಹೇಳುತ್ತಾರೆ: ಹುಡುಗ ಕ್ರೂಕ್ ಎಂಥ ಧೈರ್ಯವಂತ, ಇಲ್ಲವೇ ಕ್ರೂಕ್ ಸಾಮ್ರಾಜ್ಯಶಾಹಿಯ ಮುಂಗಾವಲು. ನನ್ನ ಜಗಳ ಈ ಎರಡರ ಜೊತೆಗೂ. ಎರಡರಲ್ಲೂ ನಾಯಕ ಅವನೇ. ದ್ವೀಪದವರು ತೆಂಗಿನ ಮರದ ಹಾಗೆ ಹಿನ್ನೆಲೆ. ವಸಾಹತೋತ್ತರ ಓದು ನಾಯಕನನ್ನು ಖಳನಾಯಕ ಮಾಡಿತೇ ಹೊರತು ರಂಗದ ನಡುವಿನಿಂದ ಕದಲಿಸಲಿಲ್ಲ.

ಆ ಮೊದಲ ದಿನಗಳನ್ನು ಸುಮ್ಮನೆ ಲೆಕ್ಕ ಹಾಕಿ ನೋಡಿ. ಕ್ರೂಕ್‌ಗೆ ಅಲ್ಲಿನ ಬದುಕಿನ ಒಂದು ಕೆಲಸವೂ ಗೊತ್ತಿರಲಿಲ್ಲ. ಜೀಗುಜ್ಜೆಯನ್ನು ಗುಂಡಿಯಲ್ಲಿ ಹುಳಿ ಬರಿಸಿ ವರ್ಷಗಟ್ಟಲೆ ಕಾಯ್ದಿಡುವ ವಿದ್ಯೆ ಅಲ್ಲಿಯವರದು. (ನಮ್ಮ ಕರಾವಳಿಯವರಿಗೆ ಜೀಗುಜ್ಜೆ ಗೊತ್ತು, ಆ ಗುಂಡಿ ಗೊತ್ತಿಲ್ಲ.) ಹಡಗು ಹೋದ ಮೇಲೆ ಅವನು ಬದುಕಿದ್ದು ತೆನಾಯೆಯ ಮನೆಯವರು ಉಣ್ಣಿಸಿದ್ದರಿಂದ. ಅದೂ ಎಂಥ ಊರಿನವರು? ಇನ್ನೂರು ವರ್ಷಗಳ ಹಿಂದೆ, 1595ರಲ್ಲಿ, ಸ್ಪೇನಿನ ಮೆಂಡಾನ್ಯನ ಹಡಗುಗಳು ಬಂದು ಹೋದಾಗ ಇನ್ನೂರರಷ್ಟು ದ್ವೀಪವಾಸಿಗಳು ಸತ್ತರೆಂದು ಅವನ ಜೊತೆಗಿದ್ದ ನಾವಿಕನೇ ಅಂದಾಜು ಮಾಡಿದ್ದ. ಆಮೇಲೆ ಬಂದ ಹಡಗುಗಳ ರೋಗಗಳು ಉಳಿದದ್ದನ್ನು ಮಾಡಿದವು. 1920ರ ದಶಕದ ಹೊತ್ತಿಗೆ ಇಡೀ ದ್ವೀಪಸಮೂಹದಲ್ಲಿ ಉಳಿದವರು ಎರಡು ಸಾವಿರ ಚಿಲ್ಲರೆ ಜನ.

ಇನ್ನು ಆ ಹೆಂಗಸು. ನಾವು ನಗುವ ಕತೆ 1799ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಹಡಗಿನವರ ಪುಸ್ತಕದ್ದು. ಅದರಲ್ಲಿ ಹ್ಯಾರಿಸ್‌ಗೆ ಹೆಸರಿದೆ, ಅವನ ಪೆಟ್ಟಿಗೆಗೂ ಜಾಗವಿದೆ. ಅವಳು ಬರೀ 'ನಾಯಕನ ಹೆಂಡತಿ'. ಅವಳು ಆ ರಾತ್ರಿಯನ್ನು ಹೇಗೆ ಹೇಳುತ್ತಿದ್ದಳು? ಮನೆಗೆ ಬಂದವನು ಅವಮಾನ ಮಾಡಿದ ಎಂದೋ, ಪಾಪ ಹೆದರಿದ್ದ ಎಂದೋ?

ಇದು ದೂರದ ಮಾತಲ್ಲ. ಇದೇ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ. ಇದೇ ಸೊಸೈಟಿಯ ವಿಲಿಯಂ ರೀವ್‌ನ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ರೀವ್‌ಗೆ, ಅವನ ನಂತರದ ಕಿಟೆಲ್‌ಗೆ ನಾವು ಕೈ ಮುಗಿಯುತ್ತೇವೆ, ಮುಗಿಯಲಿ. ಆದರೆ ಪದಕ್ಕೆ ಪದ ಹೇಳಿಕೊಟ್ಟವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಬಾಯಿಗೆ ಬರುತ್ತದೆ? ಕ್ರೂಕ್ ಕೂಡ ಇಂಗ್ಲೆಂಡಿಗೆ ಮರಳಿ ಮಾರ್ಕೇಸಸ್ ಭಾಷೆಯ ಶಬ್ದಕೋಶ ಕಟ್ಟಲು ಕೂತ. ಪಕ್ಕದಲ್ಲಿ ಕೂತು ಹೇಳಿಕೊಟ್ಟವನು ಅಲ್ಲಿಗೆ ಬಂದಿದ್ದ ಮಾರ್ಕೇಸಸ್‌ನ ಒಬ್ಬ ಹುಡುಗ.

ನನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲಿ 'ಕ್ರೂಕ್ ದ್ವೀಪದ ಭಾಷೆಯನ್ನು ಕಲಿತನು' ಎಂದಿತ್ತು. ಸಂಕಿರಣದಿಂದ ಬಂದವಳೇ ಅದನ್ನು ಹೊಡೆದುಹಾಕಿ, 'ತೆನಾಯೆಯ ಮನೆಯವರು ಅವನಿಗೆ ಮಾತು ಕಲಿಸಿದರು' ಎಂದು ಬರೆದೆ. ಕರಡು ವಾಪಸು ಬಂದಿದೆ. ಮಾರ್ಗದರ್ಶಕರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಆಧಾರ?' ಎಂದು ಕೇಳಿದ್ದಾರೆ. ಮೊದಲಿನ ವಾಕ್ಯಕ್ಕೆ ಕೇಳಿರಲಿಲ್ಲ.