ಜರಡಿಯನ್ನು ವಂಚಿಸುವ ಟಪಾಲು

ಇ-ಮೇಲಿನ ಜರಡಿಗಳನ್ನು ದಾಟಲು ಸ್ಪ್ಯಾಮ್ ವರ್ತಕರು ಹೂಡುವ ತಂತ್ರಗಳು ಕೇವಲ ಯಂತ್ರಜ್ಞರ ಚಿಂತೆಯೆಂದು ನಮ್ಮ ವಾಚಕರಲ್ಲಿ ಅನೇಕರು ಭಾವಿಸಿರಬಹುದು. ಅದು ಅರ್ಜಿ ಬರೆಯುವ ಪ್ರತಿಯೊಬ್ಬ ಪ್ರಜೆಯ ಚಿಂತೆಯೂ ಆಗಿದೆಯೆಂದು ನಾವು ಹೇಳಬೇಕಾಗಿದೆ.

1978ನೆಯ ಇಸವಿಯ ಮೇ ತಿಂಗಳಲ್ಲಿ ಅಮೆರಿಕದ ಗ್ಯಾರಿ ಥ್ಯೂರ್ಕ್ ಎಂಬವರು ಗಣಕಯಂತ್ರಗಳ ಜಾಹೀರಾತನ್ನು ಸುಮಾರು 400 ಮಂದಿಗೆ ಒಮ್ಮೆಗೇ ಕಳುಹಿಸಿದರು. ಅವರು ತಮ್ಮ ಹೆಸರನ್ನಾದರೂ ಮರೆಸಿರಲಿಲ್ಲ. ಈಗಿನವರಿಗೆ ಅಷ್ಟು ದಾಕ್ಷಿಣ್ಯವೂ ಉಳಿದಿಲ್ಲ. ಜರಡಿಯು ಪದಗಳನ್ನು ಹುಡುಕತೊಡಗಿದಾಗ ಇವರು ಔಷಧದ ಹೆಸರಿನೊಳಗೆ ಅಕ್ಷರಕ್ಕೆ ಬದಲು ಅಂಕಿಯನ್ನಿಟ್ಟರು. ಇಂಗ್ಲಿಷಿನ 'ಎ' ಇರಬೇಕಾದೆಡೆ ನೋಟಕ್ಕೆ ಹಾಗೆಯೇ ಇರುವ ರಷ್ಯನ್ ಲಿಪಿಯ ಅಕ್ಷರವನ್ನು ಕೂರಿಸಿದರು. ಒಂದೊಂದು ಪದವೂ ಸ್ಪ್ಯಾಮಿನಲ್ಲೆಷ್ಟು, ಸತ್ಪತ್ರದಲ್ಲೆಷ್ಟು ಬಾರಿ ಬರುವುದೆಂದು ಎಣಿಸಿ ತೀರ್ಪು ಕೊಡುವ ಗಣಿತಕ್ರಮವನ್ನು 2002ರಲ್ಲಿ ಪಾಲ್ ಗ್ರಹಾಂ ಅವರು ಪ್ರಚುರಪಡಿಸಿದರು. ವಂಚಕರಾದರೋ ಕಥೆ ಕಾದಂಬರಿಗಳ ವಾಕ್ಯಗಳನ್ನು ಓದುಗನ ಕಣ್ಣಿಗೆ ಬೀಳದಂತೆ ಬಿಳಿಯ ಮೇಲೆ ಬಿಳಿಯಾಗಿ ಸೇರಿಸಿ ಆ ಲೆಕ್ಕವನ್ನೇ ಕೆಡಿಸಿದರು. (ಸಾಹಿತ್ಯಕ್ಕೆ ಇಂತಹ ಪ್ರಯೋಜನವೂ ಉಂಟೆಂದು ನಮ್ಮ ಲಾಕ್ಷಣಿಕರು ಊಹಿಸಿರಲಾರರು!) 2006ರ ವೇಳೆಗೆ ಮಾತನ್ನೆಲ್ಲ ಚಿತ್ರದೊಳಗೆ ಅಡಗಿಸಿದರು. ಕಳುಹಿಸುವುದೂ ತಮ್ಮ ಯಂತ್ರದಿಂದಲ್ಲ, ವೈರಸ್ ತಗುಲಿಸಿ ವಶಪಡಿಸಿಕೊಂಡ ಪರರ ಯಂತ್ರಗಳಿಂದ. 2008ರ ನವೆಂಬರಿನಲ್ಲಿ ಮೆಕ್‌ಕೋಲೊ ಎಂಬ ಒಂದು ಸಂಸ್ಥೆಯ ಸಂಪರ್ಕವನ್ನು ಕಡಿದೊಡನೆ ಲೋಕದ ಸ್ಪ್ಯಾಮ್ ಅರ್ಧಕ್ಕಿಂತಲೂ ಹೆಚ್ಚಾಗಿ ಇಳಿಯಿತು; ಕೆಲವೇ ತಿಂಗಳಲ್ಲಿ ಮತ್ತೆ ಏರಿತು.

ಪ್ರತಿಯೊಂದು ತಂತ್ರಕ್ಕೂ ಜರಡಿಯ ಕಣ್ಣು ಇನ್ನಷ್ಟು ಕಿರಿದಾಗುತ್ತದೆ. ಒಳ್ಳೆಯ ಕಾಳೂ ಕಸದೊಡನೆ ಸೇರುತ್ತದೆ. ರೈತನ ಮನವಿಯೋ ವಿದ್ಯಾರ್ಥಿಯ ಅರ್ಜಿಯೋ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದರೆ ಬರೆದವನಿಗೆ ತಿಳಿಯುವ ದಾರಿಯಿಲ್ಲ. 'ನಮಗೆ ಬಂದಿಲ್ಲ' ಎಂದು ಅಧಿಕಾರಿಯು ಹೇಳಿದರೆ ಅವನು ಸುಳ್ಳಾಡಿದನೆನ್ನಲೂ ಬಾರದು.

ಮೂಲವನ್ನು ಮರೆಸಿ ಕಳುಹಿಸಿದ ಇ-ಮೇಲನ್ನು ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮು ಅಪರಾಧವೆಂದಿತ್ತು. ವಾಕ್‌ಸ್ವಾತಂತ್ರ್ಯಕ್ಕೆ ಮಾರಕವಾದ ಆ ಕಲಮನ್ನು ಸುಪ್ರೀಂ ಕೋರ್ಟು 2015ರಲ್ಲಿ ರದ್ದುಗೊಳಿಸಿದುದು ಯುಕ್ತವೇ ಸರಿ. ಆದರೆ ಅದರೊಡನೆ ಹೋದ ಈ ಒಂದಂಶದ ತೆರವು ತುಂಬಿಲ್ಲ. ವಾಣಿಜ್ಯ ಕರೆ, ಎಸ್ಸೆಮ್ಮೆಸ್ಸುಗಳಿಗೆ ಟ್ರಾಯ್‌ನ 2018ರ ನಿಯಮಾವಳಿಯುಂಟು, ಇ-ಮೇಲಿಗೆ ಅಂತಹುದಿಲ್ಲ. ಸಗಟಾಗಿ ಪತ್ರ ಕಳುಹಿಸುವವರು ತಮ್ಮ ಡೊಮೇನಿನ ಗುರುತನ್ನು ರುಜುವಾತುಪಡಿಸಬೇಕೆಂದು 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಕಂಪೆನಿಗಳು ವಿಧಿಸಿವೆ. ಪದವನ್ನು ಶಂಕಿಸುವುದಕ್ಕಿಂತ ಕಳುಹಿಸಿದವನ ಗುರುತನ್ನು ಕೇಳುವ ಈ ಮಾರ್ಗವೇ ಮೇಲು. ಸರ್ಕಾರದವರು ಈ ಭಾರವನ್ನು ಕಂಪೆನಿಗಳಿಗೇ ಬಿಟ್ಟು ಕೈಕಟ್ಟಿ ಕುಳಿತಿರುವುದು ಸಲ್ಲದು.

ಕಾಯಿದೆ ಬರುವವರೆಗೆ, ಪ್ರತಿಯೊಂದು ಕಚೇರಿಯಲ್ಲಿಯೂ ಸ್ಪ್ಯಾಮ್ ಪೆಟ್ಟಿಗೆಯನ್ನು ದಿನಕ್ಕೊಮ್ಮೆ ಪರಿಶೀಲಿಸುವ ಹೊಣೆಯನ್ನು ಒಬ್ಬ ಗುಮಾಸ್ತರಿಗೆ ಲಿಖಿತ ಆಜ್ಞೆಯ ಮೂಲಕ ವಹಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ತಡಮಾಡುವಂತಿಲ್ಲ: ಜೀಮೇಲಿನಲ್ಲಿ ಆ ಪೆಟ್ಟಿಗೆಗೆ ಬಿದ್ದ ಪತ್ರವು 30 ದಿನಗಳಾದ ಮೇಲೆ ತಾನಾಗಿಯೇ ಅಳಿದುಹೋಗುತ್ತದೆ.