ಓಡ್ತಾ ಓಡ್ತಾ ಸರಿಹೋಗುತ್ತೆ!

"ಓಡ್ತಾ ಓಡ್ತಾ ಸಡಿಲ ಆಗುತ್ತೆ ಬಿಡಿ ಮೇಡಂ. ನಿಮಗ್ಯಾಕೆ ಇದೆಲ್ಲಾ? ಮನೆಯವರನ್ನ ಕಳಿಸಿ."

ನಮ್ಮ ಹಳೆಯ ಮಾರುತಿ 800ರ ಗೇರ್‌ಬಾಕ್ಸ್ ಬಿಚ್ಚಿ ಹೊಸ ಬೇರಿಂಗ್, ವಾಷರ್ ಹಾಕಿದ ಮೇಲೆ ಅದರೊಳಗಿನ ಡಿಫರೆನ್ಷಿಯಲ್ ಕೈಗೆ ಜಗ್ಗಲೇ ಇಲ್ಲ. ಯಾಕೆಂದು ಕೇಳಿದ್ದಕ್ಕೆ ಮೆಕ್ಯಾನಿಕ್ ಕೊಟ್ಟ ಉತ್ತರವಿದು.

ಇದೇನು ಬ್ರಹ್ಮವಿದ್ಯೆಯೇ? ಕವಾಯತಿನಲ್ಲಿ ಸಾಲು ತಿರುಗುವಾಗ ಒಳಗಿನ ಹುಡುಗಿ ಸಣ್ಣ ಹೆಜ್ಜೆ, ಹೊರಗಿನವಳು ದೊಡ್ಡ ಹೆಜ್ಜೆ ಹಾಕುತ್ತಾಳಲ್ಲ, ತಿರುವಿನಲ್ಲಿ ಎರಡು ಚಕ್ರಗಳಿಗೂ ಅದೇ ಅವಕಾಶ ಕೊಡುವ ಹಲ್ಲುಚಕ್ರಗಳ ಗೂಡು ಅದು. ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಂದು ಬೇಕು. ಇಲ್ಲದಿದ್ದರೆ ಎಣ್ಣೆ ಸರಿಯಾಗಿ ಹರಡದೆ ಕಾವೇರಿ ಲೋಹವೇ ಲೋಹವನ್ನು ತಿನ್ನುತ್ತದೆ. ಅದು ಸಡಿಲವಾಗುವುದಲ್ಲ, ಸವೆಯುವುದು.

ನಾನು ಹಟ ಹಿಡಿದು ಬಿಚ್ಚಿಸಿದೆ. ಒಂದೊಂದೇ ಭಾಗ ಜೋಡಿಸಿ, ಪ್ರತಿಸಲ ಕೈಯಲ್ಲಿ ತಿರುಗಿಸಿ ನೋಡಿ ಎಂದೆ. ಒಂದು ಹಲ್ಲುಚಕ್ರದ ಹಿಂದೆ ಹೊಸ ವಾಷರ್ ಕೂಡಿಸಿದ ಕೂಡಲೇ ಬಿಗಿಯಿತು. ಅಳೆದರೆ ಹಳೆಯದಕ್ಕಿಂತ ದಪ್ಪ! ಸರಿಯಾದ ಅಳತೆಯದು ಹಾಕಿದರು, ಸಲೀಸಾಗಿ ತಿರುಗಿತು.

ಈ ಮಾತನ್ನು ನಾವು ಗ್ಯಾರೇಜಿನಲ್ಲಿ ಮಾತ್ರ ಕೇಳಿದ್ದೇವೆಯೇ? ತವರಿಗೆ ಬಂದು ಅತ್ತವಳಿಗೂ ಇದೇ ಉಪದೇಶ: "ಹೋಗ್ತಾ ಹೋಗ್ತಾ ಸರಿಹೋಗುತ್ತೆ." ಬಿಗಿ ಎಲ್ಲಿದೆಯೆಂದು ಹುಡುಕುವ ಶ್ರಮ ಮಾತ್ರ ಯಾರಿಗೂ ಬೇಡ. ಸವೆಯುವವಳು ಅವಳು ತಾನೇ!

ನಾನೂ ನನ್ನ ಮಗಳಿಗೆ ಹಾಗೆಯೇ ಹೇಳಿ ಕಳಿಸಿದವಳು. ಅಂದು ಸಂಜೆ ಅವಳಿಗೆ ಫೋನ್ ಮಾಡಿದೆ. "ಎಲ್ಲಿ ಬಿಗೀತಿದೆ, ಮೊದಲಿಂದ ಹೇಳು ಮಗಳೇ" ಎಂದೆ.

ನೀವೂ ಕೇಳಿ. ತಡಮಾಡಬೇಡಿ.