ಬೆಕ್ಕು ತಿಂದವರು ಯಾರು?



ಪಕ್ಷ ರಾಜಕೀಯ ಈ ಪುಟಗಳಿಗೆ ಬೇಡವೆಂಬ ನಿಯಮ ನನಗೂ ಒಪ್ಪಿಗೆಯೇ. ನಾನು ಬರೆಯುತ್ತಿರುವುದು ಬೆಕ್ಕಿನ ಬಗ್ಗೆ, ಊಟದ ತಟ್ಟೆಯ ಬಗ್ಗೆ.

2024ರ ಸೆಪ್ಟೆಂಬರ್ 10ರಂದು ಅಧ್ಯಕ್ಷ ಪದವಿಯ ಅಭ್ಯರ್ಥಿಗಳ ಟಿ.ವಿ. ಚರ್ಚೆಯಲ್ಲಿ ಡೊನಾಲ್ಡ್ ಟ್ರಂಪ್ ಒಂದು ಮಾತು ಹೇಳಿದರು: ಒಹಾಯೋ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ವಲಸೆ ಬಂದವರು ಊರವರ ನಾಯಿ, ಬೆಕ್ಕುಗಳನ್ನು ತಿನ್ನುತ್ತಿದ್ದಾರೆ ಎಂದು. ಬೆರಳು ತೋರಿದ್ದು ಹೈಟಿ ದೇಶದವರ ಕಡೆಗೆ. ನಂಬುವಂಥ ಒಂದು ದೂರೂ ಬಂದಿಲ್ಲವೆಂದು ಆ ಊರಿನ ಅಧಿಕಾರಿಗಳು ಸ್ಪಷ್ಟವಾಗಿ ತಿಳಿಸಿದರು. ಬೆಕ್ಕು ಕಾಣೆಯಾಯಿತೆಂದು ಪೊಲೀಸರಿಗೆ ದೂರು ಕೊಟ್ಟಿದ್ದ ಮಹಿಳೆಯೊಬ್ಬರಿಗೆ ಅದು ತಮ್ಮ ಮನೆಯ ಬೇಸ್‌ಮೆಂಟಿನಲ್ಲೇ ಸಿಕ್ಕಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ! ಆಕೆ ಪಕ್ಕದ ಮನೆಯ ಹೈಟಿಯವರ ಕ್ಷಮೆ ಕೇಳಿದರು. ಆದರೆ ಅಷ್ಟರಲ್ಲಿ ಆ ಊರಿನ ಶಾಲೆಗಳಿಗೂ ನಗರಸಭೆಗೂ ಬಾಂಬ್ ಬೆದರಿಕೆಗಳು ಬಂದಾಗಿತ್ತು.

ಇದು ದೂರದ ಒಹಾಯೋದ ಸುದ್ದಿ ಎನ್ನಬೇಡಿ. ಅದೇ ಸೆಪ್ಟೆಂಬರ್ 18ರಂದು ನಮ್ಮ ಮಾರಿಸ್‌ವಿಲ್‌ನ ಪಕ್ಕದ ರಾಲಿಗೇ ಬಂದ ಜೆ.ಡಿ. ವ್ಯಾನ್ಸ್, ಕಾನೂನಿನ ಅನುಮತಿ ಪಡೆದು ಅಲ್ಲಿ ನೆಲೆಸಿದ್ದ ಹೈಟಿಯವರನ್ನೂ ತಾವು ಅಕ್ರಮ ವಲಸಿಗರೆಂದೇ ಕರೆಯುವುದಾಗಿ ಹೇಳಿದರು. ಆ ದಿನಗಳಲ್ಲಿ ಬೆಕ್ಕಿನ ಜೋಕುಗಳನ್ನು ವಾಟ್ಸಾಪಿನಲ್ಲಿ ಹಂಚಿ ನಕ್ಕವರು ನಮ್ಮವರಲ್ಲೂ ಇದ್ದರು. "ತಿಂದರೂ ತಿಂದಾರು ಬಿಡಿ, ಅವರೇನು ಬಿಡುತ್ತಾರೆ?" ಎಂಬ ಮಾತೂ ಕಿವಿಗೆ ಬಿತ್ತು. ಈ ಲೇಖನ ಆ ಮಾತಿಗೆ ಉತ್ತರ.

ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆಳೆದವರೇನಲ್ಲ ನಾವು. ಇಲಿ ಹಿಡಿಯಲು ಬೇಕು, ಹಾಲಿನ ಪಾತ್ರೆಯ ಹತ್ತಿರ ಬೇಡ. ದಾರಿಗೆ ಅಡ್ಡ ಬಂದರೆ ಅಪಶಕುನ, ಆದರೆ ಕೊಂದರೆ ಪಾಪ. ಈ ಪಾಪಕ್ಕೆ ಮನುಸ್ಮೃತಿಯಲ್ಲಿ ಲೆಕ್ಕವೂ ಇದೆ. ಬೆಕ್ಕು, ಮುಂಗುಸಿ, ಕಪ್ಪೆ, ನಾಯಿ, ಗೂಬೆ, ಕಾಗೆಗಳನ್ನು ಕೊಂದವನಿಗೆ ಹನ್ನೊಂದನೆಯ ಅಧ್ಯಾಯ ವಿಧಿಸುವ ಪ್ರಾಯಶ್ಚಿತ್ತ ಯಾವುದು ಗೊತ್ತೇ? ಶೂದ್ರನನ್ನು ಕೊಂದವನಿಗೆ ಹೇಳಿದ್ದೇ! ಬೆಕ್ಕಿನ ಮೇಲೆ ಇಷ್ಟು ಕರುಣೆ ತೋರಿದ ಗ್ರಂಥ ಮನುಷ್ಯನನ್ನು ಎಲ್ಲಿ ನಿಲ್ಲಿಸಿತು ನೋಡಿ.

'ಶ್ವಪಚ' ಎಂಬ ಪದವನ್ನೂ ನೆನಪಿಸಿಕೊಳ್ಳಿ. ನಾಯಿಯನ್ನು ಬೇಯಿಸಿ ತಿನ್ನುವವನು ಎಂದು ಅದರ ಅರ್ಥ. ಒಂದು ಜನವರ್ಗವನ್ನು ಊರ ಹೊರಗಿಡಲು ಇಷ್ಟು ಸಾಕಾಯಿತು. ಅದೇ ಮನುಸ್ಮೃತಿಯಲ್ಲಿ ಹಸಿದ ವಿಶ್ವಾಮಿತ್ರರು ಚಂಡಾಲನ ಕೈಯಿಂದ ನಾಯಿಯ ತೊಡೆ ಪಡೆದು ತಿನ್ನಲು ಹೊರಟರೆ ಮಾತ್ರ ದೋಷವಿಲ್ಲ! ಅಂದಮೇಲೆ ತಪ್ಪು ಮಾಂಸದ್ದಲ್ಲ, ತಿನ್ನುವವನು ಯಾರು ಎಂಬುದೇ ಪ್ರಶ್ನೆ. ಸ್ಪ್ರಿಂಗ್‌ಫೀಲ್ಡಿನ ಆರೋಪ ನಮಗೆ ಹೊಸದಲ್ಲ, ಅದರ ಸಂಸ್ಕೃತ ರೂಪ ನಮ್ಮಲ್ಲೇ ಇತ್ತು. ನಮ್ಮ ಶರಣರ ವಚನಗಳಲ್ಲಿ ಶ್ವಪಚಯ್ಯನೆಂಬ ಶಿವಭಕ್ತನ ಹೆಸರು ಗೌರವದಿಂದ ಬರುವುದು ಸುಮ್ಮನೆ ಅಲ್ಲ.

"ನಾವು ಸಸ್ಯಾಹಾರಿಗಳು, ನಮ್ಮನ್ನು ಯಾರು ಏನೆಂದಾರು?" ಎನ್ನುವವರಿಗೂ ಒಂದು ಮಾತು. ಆ ಟಿ.ವಿ. ಚರ್ಚೆಗೆ ಎರಡು ದಿನ ಮೊದಲು ಲಾರಾ ಲೂಮರ್ ಎಂಬಾಕೆ, ಕಮಲಾ ಹ್ಯಾರಿಸ್ ಗೆದ್ದರೆ ಶ್ವೇತಭವನವೆಲ್ಲ ಕರಿ ವಾಸನೆ ಹೊಡೆಯುತ್ತದೆಂದು ಬರೆದಿದ್ದರು. 2023ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್ಸಿನಲ್ಲಿ ನಮ್ಮ ದೇಶದ ಸಂಶೋಧನಾ ವಿದ್ಯಾರ್ಥಿಯೊಬ್ಬರು ಮೈಕ್ರೋವೇವಿನಲ್ಲಿ ಊಟ ಬಿಸಿ ಮಾಡಿದ್ದಕ್ಕೆ ವಾಸನೆಯ ಆಕ್ಷೇಪ ಬಂದು, ಅದು ಮೊಕದ್ದಮೆಯವರೆಗೆ ಹೋಯಿತು. ಡಬ್ಬಿಯಲ್ಲಿ ಇದ್ದದ್ದು ಬೆಕ್ಕಲ್ಲ, ಪಾಲಕ್ ಪನೀರ್! ಮೂಗು ಮುರಿಯುವವನಿಗೆ ನಿಮ್ಮ ಒಗ್ಗರಣೆಯೂ ಒಂದೇ, ಹೈಟಿಯವರ ಮಡಕೆಯೂ ಒಂದೇ.

ಇನ್ನು ನಮ್ಮ ಮನೆಯ ವಿಷಯಕ್ಕೆ ಬರೋಣ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಲ್ಲಿನ ಮಳಿಗೆಗಳಿಗೆ ಹಾಕಿದ ಷರತ್ತಿನಲ್ಲಿ ಮದ್ಯ, ತಂಬಾಕುಗಳ ಸಾಲಿನಲ್ಲೇ ಮಾಂಸಾಹಾರವನ್ನೂ ಸೇರಿಸಿ ನಿಷೇಧಿಸಿದ್ದರು. ಮುದ್ದೆ, ಬಾಡೂಟಕ್ಕೆ ಹೆಸರಾದ ಮಂಡ್ಯದಲ್ಲಿ! ಜನ ಸಿಟ್ಟಾಗಿ ಬಾಡೂಟಕ್ಕಾಗಿ ಹೋರಾಟಕ್ಕಿಳಿದದ್ದು ಜಿಹ್ವಾಚಾಪಲ್ಯದಿಂದಲ್ಲ. ತಮ್ಮ ಮನೆಯ ಅಡುಗೆಯನ್ನು ದುಶ್ಚಟಗಳ ಪಟ್ಟಿಗೆ ಸೇರಿಸಿದರೆ ಯಾರಿಗೆ ನೋವಾಗದು?

ನಮ್ಮ ಕೂಟದ ಪಿಕ್‌ನಿಕ್ ಸುತ್ತೋಲೆಯಲ್ಲಿ ಏನಿದೆ ನೋಡಿ: "ಮದ್ಯ ಮತ್ತು ಮಾಂಸಾಹಾರಕ್ಕೆ ಅವಕಾಶವಿಲ್ಲ." ಅದೇ ಸಾಲು, ಅದೇ ಭಾವನೆ! ಮೀನು ಸಾರಿನ ಮಂಗಳೂರಿನವರು, ಪಂದಿ ಕರಿಯ ಕೊಡಗಿನವರು, ಬಾಡಿನ ಸಾರಿನ ಮಂಡ್ಯದವರು ಚಂದಾ ಕೊಡುವಾಗ ಕನ್ನಡಿಗರು, ಊಟಕ್ಕೆ ಕೂತಾಗ ಮಾತ್ರ ಹೊರಗಿನವರೇ?

ದೇವಸ್ಥಾನದ ಹಾಲ್‌ನಲ್ಲಿ ಕಾರ್ಯಕ್ರಮ ನಡೆದರೆ ಅಲ್ಲಿಯ ನಿಯಮ ಪಾಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಸಸ್ಯಾಹಾರಿಗಳಿಗೆ ಪ್ರತ್ಯೇಕ ಮೇಜು, ಪ್ರತ್ಯೇಕ ಸೌಟು ಇರಲೇಬೇಕು. ಹುಟ್ಟಿನಿಂದ ಸಸ್ಯಾಹಾರಿಯಾದ ನಾನು ಆ ಮೇಜಿನಲ್ಲೇ ಊಟ ಮಾಡುವವನು. ಪ್ರಾಣಿಹಿಂಸೆ ಬೇಡವೆಂದು ಮಾಂಸ ಬಿಟ್ಟವರ ಬಗ್ಗೆ ನನಗೆ ಗೌರವವಿದೆ. ಆದರೆ ಪ್ರಾಣಿಯ ಮೇಲಿನ ದಯೆ ಬೇರೆ, ಪಕ್ಕದವನ ಮೇಲಿನ ಅಸಹ್ಯ ಬೇರೆ. ಎರಡನೆಯದು ಮೊದಲನೆಯದರ ವೇಷ ಹಾಕಿಕೊಂಡು ಬರುವುದೇ ಹೆಚ್ಚು. ಕಪಟ ಸನ್ಯಾಸಿಗೆ ನಮ್ಮ ಹಿರಿಯರು ಬೆಕ್ಕಿನ ಹೋಲಿಕೆ ಕೊಟ್ಟದ್ದು ಇದಕ್ಕೇ ಇರಬೇಕು.

ಆದ್ದರಿಂದ ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ ಎರಡು. ಒಂದು, ಪಾರ್ಕಿನಲ್ಲಿ ನಡೆಯುವ ಮುಂದಿನ ಪಿಕ್‌ನಿಕ್‌ನಲ್ಲಿ ಮಾಂಸಾಹಾರಕ್ಕೆ ಬೇರೆ ಮೇಜು ಇಡಲಿ. ಎರಡು, ಸುತ್ತೋಲೆಯ ಆ ಸಾಲನ್ನು ತೆಗೆದುಹಾಕಲಿ. ವಾರ್ಷಿಕ ಸಭೆಯಲ್ಲಿ ಇದನ್ನು ಠರಾವಾಗಿ ಮಂಡಿಸುತ್ತೇನೆ. ವಿರೋಧಿಸುವವರು ಅಲ್ಲೇ ಎದ್ದು ನಿಂತು ಕಾರಣ ಹೇಳಲಿ. ಹೈಟಿಯವರ ಜೋಕು ಹಂಚಿದವರಿಂದ ಮೊದಲು ಕೇಳಲು ನಾನು ಸಿದ್ಧ.

— ಒಬ್ಬ ಸದಸ್ಯ, ಮಾರಿಸ್‌ವಿಲ್